ಸಜ್ಜಿ ಹೊಲದ ಬೆದರುಗೊಂಬಿನ ಹ್ಯಾಲೋವೀನ್ ದೆವ್ವ ಮಾಡಕತ್ತೀನಿ, ಮುಖ ಅಂಟಿಸಿದಂಗ ಕಾಣಕತ್ತದ, ಏನ್ ಮಾಡ್ಲಿ?

ಸಜ್ಜಿಹೊಲ_ರಾಯಚೂರು

ಎಲ್ಲರಿಗೂ ನಮಸ್ಕಾರ್ರಿ. ನಾನು ಮಾನ್ವಿ ಕಡಿಯಾಂವ, ಫೋಟೋ ಎಡಿಟಿಂಗ್ ಕಲ್ಯಾಕ ಶುರು ಮಾಡಿ ಒಂದ್ ವರ್ಷ ಆತು, ಅದೂ ಬ್ರೌಸರ್‌ನಾಗ ಓಡೋ ಫೋಟೋಪಿ ಒಳಗ, ಯಾಕಂದ್ರ ನಂದು ಹಳೇ ಲ್ಯಾಪ್‌ಟಾಪ್, ಫೋಟೋಶಾಪ್‌ಗೆ ತಿಂಗ್ಳ ತಿಂಗ್ಳ ರೊಕ್ಕ ಕಟ್ಟೋದು ನನ್ ಕೈಲಿ ಆಗಂಗಿಲ್ಲ.

ವಿಷಯ ಏನಂದ್ರ ನಮ್ಮಕ್ಕ ಅಮೆರಿಕಾದಾಗ ಅದಾಳ, ಆಕಿ ಮಗ 9 ವರ್ಷದಾಂವ. ಅಕ್ಟೋಬರ್ 31ಕ್ಕ ಅಲ್ಲಿ ಹ್ಯಾಲೋವೀನ್, ಹುಡುಗ್ರು ವೇಷ ಹಾಕ್ಕೊಂಡು ಮನಿ ಮನಿ ಬಾಗ್ಲಾ ಬಡಿದು ಚಾಕ್ಲೇಟ್ ಇಸ್ಕೊಂಡು ಬರ್ತಾರ, ಎಲ್ಲರ ಬಾಗ್ಲಕ್ಕೂ ಅಸ್ಥಿಪಂಜರ, ಬಾವಲಿ, ಕಣ್ಣು ಕೊರೆದ ಕುಂಬಳಕಾಯಿ. ಇಂವ ಆಗಸ್ಟ್‌ನಾಗ ರಜಾಕ್ಕ ಬಂದಾಗ ನಮ್ಮ ಸಜ್ಜಿ ಹೊಲದಾಗ ನಿಂತ ಬೆದರುಗೊಂಬಿ ನೋಡಿ ಅಂಜಿ ನನ್ ಕೈ ಬಿಡ್ಲೇ ಇಲ್ಲ. ಈಗ ಫೋನ್ ಮಾಡಿ "ಮಾಮಾ, ಅದನ್ನ ದೆವ್ವ ಮಾಡಿ ಕಳಸು, ನಮ್ಮನಿ ಬಾಗ್ಲಿಗೆ ಹಚ್ತೀನಿ, ಇಲ್ಲಿ ಯಾರ ಮನ್ಯಾಗೂ ಅಂಥಾದಿಲ್ಲ" ಅಂದಾನ. ನಾನೂ ಹ್ಞೂಂ ಅಂದೀನಿ.

ಗೊಂಬಿ ಫೋಟೋ ಚೆಂದ ಬಂದದ, ಇಲ್ಲೇ ಹಾಕೀನಿ ನೋಡ್ರಿ. ಸಂಜಿ ನಾಕೂವರಿಗೆ ಹೊಡದದ್ದು, ಹಿಂದ ತೆನಿ ತುಂಬಿದ ಸಜ್ಜಿ, ಅಡ್ಡ ಕೋಲಿಗೆ ಅಜ್ಜನ ಹಳೇ ಅಂಗಿ, ಕೆಳಗ ಹರಕ ಧೋತ್ರ, ತಲಿ ಜಾಗದಾಗ ಮಸಿ ಹಿಡಿದ ಗಡಿಗಿ, ಅದಕ್ಕ ಸುಣ್ಣದಾಗ ಕಣ್ಣು ಬಾಯಿ ಬರದಾರ. ಆ ಗಡಿಗಿ ಮ್ಯಾಲ ನಮ್ಮ ಕಾಕಾನ ಮುಖ ಕೂಡಿಸೀನಿ. ಕಾಕಾನ ಫೋಟೋ ರಾತ್ರಿ ಮನ್ಯಾಗ ಟ್ಯೂಬ್‌ಲೈಟ್ ಕೆಳಗ ಮೊಬೈಲಿಂದ ಹೊಡದದ್ದು. ಕಣ್ಣು ಕೆಂಪ ಮಾಡೀನಿ, ಬಾಯಿಂದ ರಕ್ತ, ಹಿಂದ ನೆಟ್ಟಿನಾಗ ಸಿಗೋ ರೆಡಿ ಹೊಗಿ ಚಿತ್ರ (ಪಿಎನ್‌ಜಿ), ಮ್ಯಾಲ ದೊಡ್ಡ ಚಂದ್ರ. ಎಷ್ಟ್ ಮಾಡಿದ್ರೂ ಪೇಪರ್‌ನಾಗಿನ ಮುಖ ಕತ್ತರಿಸಿ ಅಂಟಿಸಿದಂಗ ಕಾಣಕತ್ತದ. ಒಪ್ಯಾಸಿಟಿ (ಚಿತ್ರ ಎಷ್ಟು ಗಟ್ಟಿ ಕಾಣ್ತದ ಅನ್ನೋದು) 40ಕ್ಕ ಇಳಿಸಿ ನೋಡಿದೆ, ಇನ್ನೂ ಕೆಟ್ಟ ಆತು. ಅವ್ವಗ ತೋರಿಸಿದ್ರ "ನಿಮ್ಮ ಕಾಕಾಗ ಜ್ವರ ಬಂದಂಗ ಅದ" ಅಂದ್ಲು.

ಇನ್ನೊಂದು ಕೇಳ್ಬೇಕು. ಅಜ್ಜ ತೀರ್ಕೊಂಡು ಎರಡು ವರ್ಷ ಆತು. ಅಂಗಿ ಹೆಂಗೂ ಅವರದು, ಮುಖಾನೂ ಅವರ ಹಳೇ ಫೋಟೋದಿಂದ ತಗೊಂಡ್ರ ನಡೀತದಾ? ಮನಸ್ಸು ಒಪ್ಪವಲ್ದು, ಆದ್ರ ಆ ಮುಖದ ಗೆರಿ ಬ್ಯಾರೆ ಯಾರ ಹತ್ರಾನೂ ಇಲ್ಲ.

---

ಆಲ್ಬಮ್_ಬಳ್ಳಾರಿ

ಮೊದಲು ಅಜ್ಜನ ವಿಷಯ ಹೇಳ್ಬಿಡ್ತೀನಿ, ಬ್ಯಾಡ. ನಿಮ್ಮ ಮನಸ್ಸು ಒಪ್ತಿಲ್ಲ ಅಂತ ನೀವೇ ಬರ್ದೀರಿ, ಅಷ್ಟು ಸಾಕು. ಮಾರ್ನಮಿ ಅಮಾಸೆಗೆ ಎಡೆ ಇಟ್ಟು ಕೈ ಮುಗಿಯೋ ಮುಖಕ್ಕೆ ರಕ್ತ ಹಚ್ಚಿದ್ರೆ ನಿಮ್ಮಮ್ಮನೋರು ಆ ಫೋಟೋನ ಮತ್ತೆ ಮೊದಲಿನಂಗೆ ನೋಡಾಕಾಗಲ್ಲ. ಅಂಗಿ ಇರ್ಲಿ, ಅದು ಹೊಲ ಕಾಯೋಕೆ ನಿಂತೈತೆ.

ಈಗ ಕೆಲ್ಸದ ಮಾತು. ನಾನು ಮದುವೆ ಆಲ್ಬಮ್ ಡಿಸೈನ್ ಮಾಡೋನು. ತಿಂಗಳಿಗೆ ಒಬ್ರಾದ್ರೂ ಬಂದು "ದುಬೈನಾಗಿರೋ ನಮ್ಮಣ್ಣ ಮದ್ವಿಗೆ ಬರಾಕಾಗಲಿಲ್ಲ, ಗ್ರೂಪ್ ಫೋಟೋದಾಗೆ ಸೇರಿಸ್ರಿ" ಅಂತಾರೆ. ದೆವ್ವ ಮಾಡೋದಕ್ಕೂ ಅದಕ್ಕೂ ಕೆಲ್ಸದಾಗೆ ಏನೂ ಫರಕ್ ಇಲ್ಲ. ಇಬ್ಬರ ಮ್ಯಾಲೂ ಬೀಳೋ ಬೆಳಕು ಒಂದೇ ಆಗಿರ್ಬೇಕು. ನಿಮ್ಮ ಗೊಂಬೆ ನೋಡ್ರಿ, ಸೂರ್ಯ ಎಡಗಡೆ ಇಳಿದಾನೆ, ಅಂಗಿಯ ಬಲಗಡೆ ಮಡಿಕೆಯೆಲ್ಲಾ ಕತ್ತಲು, ಎಡ ತೋಳು ಅರಿಶಿಣದ ಬಣ್ಣ. ಕಾಕನ ಮುಖಕ್ಕೆ ಬೆಳಕು ನೆತ್ತಿ ಮ್ಯಾಲಿಂದ, ಮೂಗಿನ ನೆರಳು ಸೀದಾ ತುಟಿ ಮ್ಯಾಲೆ ಬಿದ್ದೈತೆ, ಎರಡು ಕೆನ್ನೇನೂ ಒಂದೇ ಸಮ ಬೆಳ್ಳಗೆ. ನೋಡೋರಿಗೆ ಇದನ್ನ ಬಾಯಿ ಬಿಟ್ಟು ಹೇಳೋಕೆ ಬರಲ್ಲ, ಆದ್ರೆ ಕಣ್ಣು ಹಿಡಿದುಬಿಡುತ್ತೆ. ಇದನ್ನ ಎಡಿಟಿಂಗ್‌ನಾಗೆ ಸರಿ ಮಾಡ್ತಾ ಕೂತ್ರೆ ಮೂರು ದಿನ ಹೋಗ್ತೈತೆ, ಮತ್ತೊಂದ್ಸಲ ಹೊಡೆದ್ರೆ ಹತ್ತು ನಿಮಿಷ.

ಹಂಗಾಗಿ ಕಾಕನ್ನ ನಾಳೆ ಅದೇ ನಾಕೂವರೆಗೆ ಅದೇ ಹೊಲಕ್ಕೆ ಕರ್ಕೊಂಡು ಹೋಗ್ರಿ, ಗೊಂಬೆ ಪಕ್ಕದಾಗೆ ಅದೇ ಕಡೆ ಮುಖ ಮಾಡಿ ನಿಲ್ಲಿಸ್ರಿ. ಕೈಯಳತೆ ದೂರದಾಗೆ ಮೊಬೈಲ್ ಹಿಡಿಬ್ಯಾಡ್ರಿ, ಮೂಗು ದೊಡ್ಡದಾಗಿ ಕಿವಿ ಹಿಂದಕ್ಕೆ ಹೋಗ್ತೈತೆ, ಗೊಂಬೆನ ನೀವು ದೂರದಿಂದ ಹೊಡೆದೀರಿ ಅದಕ್ಕೇ ಎರಡೂ ಕೂಡಲ್ಲ. ಏಳೆಂಟು ಅಡಿ ಹಿಂದೆ ಸರಿದು 2ಎಕ್ಸ್ ಇಟ್ಕೊಳ್ರಿ, ಮೊಬೈಲು ಗೊಂಬೆಗೆ ಯಾವ ಎತ್ತರದಾಗಿತ್ತೋ ಅದೇ ಎತ್ತರಕ್ಕೆ.

ಎಡಿಟ್ ಮಾಡೋವಾಗ ಎಲ್ಲಾ ಲೇಯರಿನ (ಒಂದರ ಮ್ಯಾಲೊಂದು ಇಟ್ಟ ಚಿತ್ರದ ಪದರ) ಮ್ಯಾಲೆ ಒಂದು ಬ್ಲಾಕ್ ಆಂಡ್ ವೈಟ್ ಅಡ್ಜಸ್ಟ್‌ಮೆಂಟ್ ಲೇಯರ್ ಇಟ್ಕೊಳ್ರಿ, ಬರೀ ಚೆಕ್ ಮಾಡೋಕೆ. ಬಣ್ಣ ಹೋದ ಮ್ಯಾಲೆ ಮುಖ ಎಷ್ಟು ಬೆಳ್ಳಗೈತೆ, ಅಂಗಿ ಎಷ್ಟು ಕಪ್ಪಗೈತೆ ಅನ್ನೋದು ಬರಿಗಣ್ಣಿಗೆ ಕಾಣ್ತೈತೆ. ಕರ್ವ್ಸ್‌ನಾಗೆ (ಬೆಳಕು ಕತ್ತಲು ತಿದ್ದೋ ಟೂಲ್) ಅದನ್ನ ಕೂಡಿಸಿ ಆಮೇಲೆ ಆ ಲೇಯರ್ ಆಫ್ ಮಾಡಿ ಬಣ್ಣಕ್ಕೆ ಬರ್ರಿ. ನೆರಳು ಬೆಳಕು ಕೈಯಿಂದ ತಿದ್ದೋಕೆ 50 ಪರ್ಸೆಂಟ್ ಗ್ರೇ ತುಂಬಿದ ಲೇಯರ್ ಸಾಫ್ಟ್ ಲೈಟ್ ಮೋಡ್‌ನಾಗೆ ಇಟ್ಟು, ಅದರ ಮ್ಯಾಲೆ ತೆಳ್ಳಗೆ ಕಪ್ಪು ಬಿಳಿ ಬ್ರಷ್ ಆಡಿಸ್ರಿ, ಫ್ಲೋ (ಬ್ರಷ್ ಬಣ್ಣ ಬಿಡೋ ಪ್ರಮಾಣ) 5 ದಾಟಬ್ಯಾಡ್ರಿ. ಎರೇಸರ್ ಮುಟ್ಟಲೇ ಬ್ಯಾಡ್ರಿ, ಲೇಯರ್ ಮಾಸ್ಕ್ ಹಾಕ್ರಿ, ಕಪ್ಪು ಹಚ್ಚಿದ್ರೆ ಮುಚ್ತೈತೆ, ಬಿಳಿ ಹಚ್ಚಿದ್ರೆ ವಾಪಸ್ ಬರ್ತೈತೆ, ಏನೂ ಕಳ್ಕೊಳ್ಳಲ್ಲ. ಎಲ್ಲಾ ಮುಗಿದ ಮ್ಯಾಲೆ ಇಡೀ ಚಿತ್ರಕ್ಕೆ 2-3 ಪರ್ಸೆಂಟ್ ನಾಯ್ಸ್, ಅದು ಎರಡು ಫೋಟೋನ ಒಂದು ಮಾಡ್ತೈತೆ.

ಒಪ್ಯಾಸಿಟಿ ಇಳಿಸಿ ದೆವ್ವ ಮಾಡೋದು 160 ವರ್ಷದ ಹಳೇ ವಿದ್ಯೆ ಕಣ್ರಿ. 1860ರ ದಶಕದಾಗೆ ಅಮೆರಿಕಾದ ಬಾಸ್ಟನ್‌ನಾಗೆ ವಿಲಿಯಂ ಮಮ್ಲರ್ ಅಂತ ಫೋಟೋಗ್ರಾಫರ್, ಗಿರಾಕಿ ಹಿಂದೆ ತೆಳ್ಳಗೆ ಸತ್ತೋರ ಆಕಾರ ಕಾಣೋ ಫೋಟೋ ತೆಗೆದುಕೊಡ್ತಿದ್ದ, ಡಬಲ್ ಎಕ್ಸ್‌ಪೋಶರ್ (ಒಂದರ ಮ್ಯಾಲೊಂದು ಎರಡು ಫೋಟೋ) ಅಂತ ಜನ ಹಿಡಿದು 1869ರಾಗೆ ನ್ಯೂಯಾರ್ಕ್ ಕೋರ್ಟಿಗೂ ಹೋಯ್ತು, ಕೊನೆಗೆ ಬಿಡುಗಡೆ ಆದ. ಅವತ್ತಿನ ಜನಕ್ಕೆ ಅದು ಮೈ ಜುಮ್ ಅನ್ನಿಸ್ತು. ಇವತ್ತು 9 ವರ್ಷದ ಹುಡುಗ ಆ ತೆಳ್ಳನೆ ದೆವ್ವ ಸಾವಿರ ನೋಡ್ಯಾನೆ.

ರಕ್ತ ತೆಗೀರಿ, ಕೆಂಪು ಕಣ್ಣೂ ತೆಗೀರಿ. ಬರೀ ಒಂದು ಕೆಲ್ಸ ಮಾಡ್ರಿ. ಕಣ್ಣಾಗೆ ಬೆಳಕಿನ ಚುಕ್ಕಿ ಇರ್ತೈತಲ್ಲ, ಪಾಪೆ ಮ್ಯಾಲೆ ಬಿಳಿ ಹೊಳಪು, ಅದನ್ನ ಪಕ್ಕದ ಬಣ್ಣ ಕಾಪಿ ಮಾಡಿ ಹಚ್ಚೋ ಕ್ಲೋನ್ ಸ್ಟ್ಯಾಂಪಿನಾಗೆ ಅಳಿಸಿ ನೋಡ್ರಿ. ಮದುಮಗಳ ಫೋಟೋದಾಗೆ ನಾವು ಆ ಚುಕ್ಕಿ ಇಲ್ದಿದ್ರೆ ತಂದು ಇಡ್ತೀವಿ, ಅದಿಲ್ಲಾಂದ್ರೆ ಕಣ್ಣು ಸತ್ತಂಗೆ ಕಾಣ್ತೈತೆ. ನಿಮಗೆ ಬೇಕಾಗಿರೋದೇ ಅದು.

---

ಪಿಕ್ಸೆಲ್_ಗಂಗಾವತಿ

ಇಷ್ಟೆಲ್ಲಾ ಯಾಕ್ರಿ, ಎಐಗೆ ಬರದು ಹಾಕಿದ್ರ ಅರ್ಧ ನಿಮಿಷದಾಗ ಬರ್ತೈತಿ. ಟೈಮ್ ಇಲ್ಲಾಂದ್ರ ಅದನ್ನ ಮಾಡ್ರಿ.

---

ಸಜ್ಜಿಹೊಲ_ರಾಯಚೂರು

ಗಂಗಾವತಿ ಅಣ್ಣಾರ, ಮಾಡಿ ನೋಡೀನ್ರಿ. ನಾಕ್ ಸಲ ಬರದು ಹಾಕಿದೆ, ನಾಕ್ ಸಲಾನೂ ಮೆಕ್ಕಿಜೋಳದ ಹೊಲದಾಗ ಹುಲ್ಲಿನ ಟೊಪಿಗಿ ಹಾಕ್ಕೊಂಡ ಗೊಂಬಿ ಬಂತು, ಧೋತ್ರ ಅಂದ್ರ ಲಂಗದಂಗ ಸುತ್ತಿ ಕೊಟ್ಟದ. ಹುಡುಗ ಕೇಳಿದ್ದು ತಾನು ನೋಡಿದ ಗೊಂಬಿ. ಅಂಗಿ ಜೇಬಿಗೆ ಅಜ್ಜನ ಬೀಡಿ ಕಿಡಿ ಬಿದ್ದ ತೂತು ಅದ, ಅದನ್ನ ಇಂವ ಬಟ್ಟು ಹಾಕಿ ನೋಡಿದ್ದ. ಅದು ಇರ್ಲೇಬೇಕು.

ಬಳ್ಳಾರಿ ಸರ್, ನಿಮ್ದು ಎರಡು ಸಲ ಓದಿದೆ. ನಾಳೆನೇ ಕಾಕಾನ ಕರ್ಕೊಂಡು ಹೊಲಕ್ಕ ಹೋಗ್ತೀನಿ. ಅಜ್ಜನ ಫೋಟೋ ಬ್ಯಾಡ, ಅದು ಅಲ್ಲಿಗೇ ಬಿಟ್ಟೆ.

---

ಬಣ್ಣದಡಬ್ಬಿ_ಕೊಪ್ಪಳ

ನಾನು ಸಾಲ್ಯಾಗ ಡ್ರಾಯಿಂಗ್ ಟೀಚರ್ ಅದೀನಿ, ನಿಮ್ಮ ಗೊಂಬಿ ಫೋಟೋ ನೋಡಿ ಸುಮ್ನಿರಾಕ ಆಗ್ಲಿಲ್ಲ. ತಮ್ಮಾ, ಒಂದು ಕೇಳ್ತೀನಿ, ಗಡಿಗಿ ಯಾಕ ಮುಚ್ಚಿದಿ? ಆ ಗಡಿಗಿನ ಅಂಜಿಕಿ ಐತಿ. ಸುಣ್ಣದ ಕಣ್ಣು ಒಂದು ಮ್ಯಾಲ ಒಂದು ಕೆಳಗ, ಮಳಿಗೆ ಇಳಿದು ಗಲ್ಲದ ಮ್ಯಾಲ ಗೆರಿ ಬಿದ್ದೈತಿ, ಅದನ್ನ ಯಾರೂ ಬೇಕಂತ ಬರದದ್ದಲ್ಲ. ಅದರ ಮ್ಯಾಲ ಪೂರಾ ಮನುಷ್ಯಾನ ಮುಖ ಇಟ್ಟ ಕೂಡ್ಲೇ ಅದು ಯಾರೋ ಗೊತ್ತಿರೋರು ವೇಷ ಹಾಕಿದಂಗ ಆಗೈತಿ.

ಗಡಿಗಿ ಗಡಿಗಿಯಾಗೇ ಇರ್ಲಿ. ಒಂದು ಕಡೆ ಬಿರುಕು ಬಿಡ್ಸು, ಚೂರು ಬಿದ್ದು ಹೋದಷ್ಟು ಸಣ್ಣ ಕಿಂಡಿ. ಆ ಕಿಂಡ್ಯಾಗಿಂದ ನಿಮ್ಮ ಕಾಕಾನ ಒಂದೇ ಒಂದು ಕಣ್ಣು ಹೊರಗ ನೋಡ್ಲಿ. ಮುಖ ಬ್ಯಾಡ, ರಕ್ತ ಬ್ಯಾಡ, ಬಾಯಿ ಬ್ಯಾಡ. ಕೂದಲು ಸೆಲೆಕ್ಟ್ ಮಾಡೋ ತ್ರಾಸೂ ಇಲ್ಲ.

ಆದ್ರ ಆ ಬಿರುಕು ಖರೇ ಕಾಣ್ಬೇಕಂದ್ರ ಒಡೆದ ಗಡಿಗಿ ಚೂರು ಒಂದು ಕೈಯಾಗ ಹಿಡಕೊಂಡು ನೋಡು. ಹೊರಗ ಮಸಿ ಹತ್ತಿ ಕಪ್ಪಗ ಇರ್ತೈತಿ, ಮುರದ ಅಂಚು ಮಾತ್ರ ಇಟ್ಟಂಗಿ ಬಣ್ಣ, ಅದಕ್ಕ ದಪ್ಪ ಐತಿ. ಹುಡುಗ್ರು ಬಿರುಕು ಅಂದ್ರ ಬರೀ ಕಪ್ಪು ಗೆರಿ ಎಳಿತಾರ, ಅದು ಗೋಡಿ ಮ್ಯಾಲ ಪೆನ್ನಿಂದ ಗೀಚಿದಂಗ ಆಗ್ತೈತಿ. ಆ ಕೆಂಪು ಅಂಚು ಕಂಡ್ರ ಗಡಿಗಿ ಒಳಗ ಪೊಳ್ಳು ಐತಿ ಅಂತ ಮನಸ್ಸಿಗೆ ಗೊತ್ತಾಗ್ತೈತಿ, ಪೊಳ್ಳು ಐತಿ ಅಂತ ಗೊತ್ತಾದ ಮ್ಯಾಲ ಒಳಗ ಕಣ್ಣು ಕಾಣ್ಬೇಕು. ಆ ಅಂಚಿನ ನೆಳ್ಳು ಕಣ್ಣಿನ ಮ್ಯಾಲ ಬೀಳಬೇಕು, ಕೆಳಗಿನದನ್ನ ಕತ್ತಲು ಮಾಡೋ ಮಲ್ಟಿಪ್ಲೈ ಲೇಯರ್‌ನಾಗ ಅರ್ಧ ರೆಪ್ಪಿ ತನಕ ಕತ್ತಲು ತಗೊಂಡು ಬಾ.

ಕಣ್ಣಿನ ಚುಕ್ಕಿ ವಿಷಯಕ್ಕ ನಾನು ಬಳ್ಳಾರಿ ಸರ್ ಮಾತು ಒಪ್ಪಂಗಿಲ್ಲ. ಪೂರಾ ಮುಖ ಇದ್ರ ಅವರು ಹೇಳಿದ್ದು ಬರೋಬ್ಬರಿ. ಇಲ್ಲಿ ಗಡಿಗಿ, ಕೋಲು, ಹುಲ್ಲು ಎಲ್ಲಾ ಜೀವ ಇಲ್ಲದ್ದು, ಅದರಾಗ ಕಣ್ಣು ಒಂದ ಜೀವಂತ ಇರ್ಬೇಕು, ಹಸಿ ಹಸಿ ಹೊಳಿಬೇಕು. ಚುಕ್ಕಿ ಇಡು.

ಬೆಳಕಿನ ಸಲುವಾಗಿ ಇನ್ನೊಂದು. ನಮ್ಮ ಜಿಲ್ಲಾದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಾಗ ಪದ್ಮಶ್ರೀ ಬಂತಲ್ಲ, ತೊಗಲುಗೊಂಬಿ ಆಡಿಸಿದ್ದಕ್ಕ. ತೊಗಲುಗೊಂಬ್ಯಾಗ ಬೆಳಕು ಹಿಂದ ಇರ್ತೈತಿ, ಪರದೆ ಮ್ಯಾಲ ಗೊಂಬಿ ಬರೂ ಮುಂಚೆ ಅದರ ಆಕಾರ ಬರ್ತೈತಿ, ತೊಗಲಿಗೆ ಹೊಡೆದ ತೂತಿನ್ಯಾಗಿಂದ ಬೆಳಕು ಚಿಮ್ತೈತಿ. ನೀನೂ ಗೊಂಬಿ ಹಿಂದ ಚಂದ್ರನ ಬೆಳಕು ಇಟ್ಟು ನೋಡು. ಅಜ್ಜಾರ ಅಂಗಿ ಹಳೇದಾಗಿ ತೆಳ್ಳಗ ಆಗಿರ್ತೈತಿ, ತೋಳಿನ ಅಂಚು, ಜೇಬಿನ ಆ ಬೀಡಿ ತೂತು, ಅಲ್ಲಿಂದ ನೀಲಿ ಬೆಳಕು ಹಾದು ಬಂದ್ರ ಅಷ್ಟ ಸಾಕು. ಅದಕ್ಕ ಸ್ಕ್ರೀನ್ ಮೋಡ್ ಹಾಕು, ಕಪ್ಪು ಮಾಯ ಆಗಿ ಬೆಳಕು ಉಳಿತೈತಿ. ಹೊಗಿ ಬೇಕಂದ್ರ ಅದನ್ನೂ ಹಂಗ, ಕಪ್ಪು ಬ್ಯಾಕ್‌ಗ್ರೌಂಡಿಗೆ ಊದಿನಕಡ್ಡಿ ಹೊಗಿ ಹೊಡಕೊಂಡು ಸ್ಕ್ರೀನ್ ಹಾಕು, ಆ ಪಿಎನ್‌ಜಿ ಹೊಗಿ ಎಲ್ಲಾರ ಪೋಸ್ಟರ್‌ನಾಗೂ ಐತಿ.

ಹಾಂ, ಬಾಗಿಲಿಗೆ ಹಚ್ಚೋದು ಅಂದ್ಯಲ್ಲ. ಆ ಹಬ್ಬದಾಗ ಹುಡುಗ್ರು ಬಾಗ್ಲಾ ಬಡಿತಾರ. ನಮ್ಮ ಕಡೆ ದೆವ್ವನ ಬಂದು ಬಾಗ್ಲಾ ಬಡಿತೈತಿ ಅಂತ ಮನಿ ಬಾಗ್ಲಿಗೆ "ನಾಳೆ ಬಾ" ಅಂತ ಬರಿತಿದ್ರು, ನಾನು ಸಣ್ಣಾಕಿದ್ದಾಗ ನಮ್ಮ ಓಣ್ಯಾಗೂ ಇತ್ತು, ದಿನಾ ಬಂದು ಓದಿ ದಿನಾ ವಾಪಸ್ ಹೋಗ್ತೈತಿ ಅಂತ. ಪೋಸ್ಟರ್ ಕೆಳಗ ಸುಣ್ಣದ ಅಕ್ಷರದಾಗ ಕನ್ನಡದಾಗ ಅದನ್ನ ಬರಿ. ಹುಡುಗ ಅಲ್ಲಿ ತನ್ನ ಗೆಳ್ಯಾರಿಗೆ ಅರ್ಥ ಹೇಳ್ತಾನ.

---

ಎರಿಹೊಲ_ಸಿಂಧನೂರು

ಟೀಚರ್ ಹೇಳಿದ ಬಿರುಕಿಗೆ ಟೆಕ್ಸ್ಚರ್ ಬೇಕಂದ್ರ ನೆಟ್ಟಿನಾಗ ಹುಡುಕಬ್ಯಾಡ್ರಿ. ಬ್ಯಾಸಗಿ ಆಗಿದ್ರ ಎರಿ ಹೊಲಕ್ಕ ಹೋಗಿ ಹೊಡಕೊಂಡ್ರ ಮುಗೀತಿತ್ತು, ಕೈ ಇಳಿಯೋವಷ್ಟು ಬಿರುಕು ಬಿಟ್ಟಿರ್ತದ. ಈಗ ಹಸಿ ಅದ. ಅದಕ್ಕ ಎರಡು ಬೊಗಸಿ ಎರಿ ಮಣ್ಣು ನೀರಾಗ ಕಲಸಿ ಸ್ಟೀಲ್ ತಾಟಿನಾಗ ಬೆರಳು ದಪ್ಪ ಹಚ್ಚಿ ಮಾಳಿಗಿ ಮ್ಯಾಲ ಇಡ್ರಿ, ಬಿಸಿಲಿದ್ರ ಎರಡು ದಿನದಾಗ ಬಿರುಕು ಬಿಡ್ತದ. ಎರಿ ಮಣ್ಣಿನಾಗಿನ ಜೇಡಿ ನೀರು ಕುಡದು ಉಬ್ಬತದ, ಒಣಗಿದಾಗ ಕುಗ್ಗತದ, ಅದಕ್ಕ ಆ ಬಿರುಕು. ಕೆಂಪು ಮಣ್ಣಿನಾಗ ಹಿಂಗ ಬರಂಗಿಲ್ಲ. ಓರೆ ಬಿಸಿಲಿನಾಗ ಹೊಡೀರಿ, ಆ ಎಡಗಡಿ ಬೆಳಕೇ ಇರ್ಲಿ, ಇಲ್ಲಾಂದ್ರ ಬಿರುಕು ತಗ್ಗು ಇದ್ದದ್ದು ಉಬ್ಬಿದಂಗ ಕಾಣ್ತದ. ಗಡಿಗಿ ದುಂಡಗ ಅದ, ಟೆಕ್ಸ್ಚರ್ ಚಪ್ಪಟಿ ಅದ, ಹಂಗ ಇಟ್ರ ಕಾಗದ ಸುತ್ತಿದಂಗ ಆಗ್ತದ, ವಾರ್ಪ್ (ಚಿತ್ರ ಬಗ್ಗಿಸೋ ಟೂಲ್) ಹಾಕಿ ಅಂಚಿನ ಕಡಿ ಒತ್ತರಿಸ್ರಿ.

---

ಸಜ್ಜಿಹೊಲ_ರಾಯಚೂರು

ಆರು ದಿನ ಆತು, ಈಗ ಬಂದು ಬರಿಯಕತ್ತೀನಿ. ಮೊದ್ಲಿಂದ ಶುರು ಮಾಡಿದೆ. ಕಾಕಾನ ಹೊಲದಾಗ ನಿಲ್ಲಿಸಿ ಕಣ್ಣು ಅಷ್ಟೇ ಹೊಡದೆ, ಪಾಪ ಅವರು ಬಿಸಿಲಿಗೆ ಕಣ್ಣು ಪಿಳಕಿಸದಂಗ ಮೂವತ್ತು ಫೋಟೋ ತನಕ ನಿಂತ್ರು. ಎರಿ ಮಣ್ಣಿನ ತಾಟು ಮಾಳಿಗಿ ಮ್ಯಾಲಿಟ್ಟೆ, ಮೊದಲ ಸಲ ತೆಳ್ಳಗ ಹಚ್ಚಿದ್ದಕ್ಕ ಹಪ್ಪಳದಂಗ ಎದ್ದು ಬಂತು, ಎರಡನೇದ್ದು ಬರೋಬ್ಬರಿ ಬಂತು. ಗಡಿಗಿ ಚೂರಿಗೆ ಅವ್ವ ಹಿತ್ತಲದಾಗಿಂದ ಒಂದು ಹುಡುಕಿ ಕೊಟ್ಲು, ಟೀಚರ್ ಹೇಳಿದಂಗ ಅಂಚು ಕೆಂಪಗ, ನನ್ನ ಕಿರುಬೆರಳಿನ ಅರ್ಧದಷ್ಟು ದಪ್ಪ.

ಕಣ್ಣಿನ ಚುಕ್ಕಿ ಇಟ್ಟು ಒಂದು, ಅಳಿಸಿ ಒಂದು, ಎರಡೂ ಮಾಡಿ ಮನಿ ಮಂದಿಗೆ ತೋರಿಸಿದೆ. ಚುಕ್ಕಿ ಇಲ್ಲದ್ದು ನೋಡಿ ಕಾಕಾ "ಗಾಜಿನ ಗೋಲಿ ಇಟ್ಟಂಗ ಅದ" ಅಂದ್ರು. ಚುಕ್ಕಿ ಇದ್ದದ್ದು ನೋಡಿ ಅವ್ವ ಮೊಬೈಲ್ ಬೋರಲಾಕಿ ಇಟ್ಲು. ಚುಕ್ಕಿ ಇರ್ಲಿ ಅಂತ ಆತು, ಬರೀ ಸ್ವಲ್ಪ ಮಂಕ ಮಾಡೀನಿ, ಕಿಂಡ್ಯಾಗ ಅಷ್ಟು ಬೆಳಕು ಹೋಗಂಗಿಲ್ಲಲ್ಲ. ಬಳ್ಳಾರಿ ಸರ್, ಬ್ಲಾಕ್ ಆಂಡ್ ವೈಟ್ ಲೇಯರ್ ನನಗ ಬಾಳ ಉಪಯೋಗ ಆತು, ಕಣ್ಣಿನ ಬಿಳಿ ಭಾಗ ಸುಣ್ಣಕ್ಕಿಂತ ಬೆಳ್ಳಗಿತ್ತು, ಅದು ಬಣ್ಣದಾಗ ಕಂಡೇ ಇರ್ಲಿಲ್ಲ.

ಒಂದು ನಾನೇ ಸೇರಿಸೀನಿ. ಬಲ ತೋಳಿನ ತುದಿಗೆ ಹುಲ್ಲು ತುರುಕಿದ್ದು ಹೊರಗ ಚಾಚ್ಯದ, ಆ ಹುಲ್ಲಿನ ನಡುವ ಕಾಕಾನ ಎರಡು ಬೆರಳು. ಪಟ್ನ ಕಾಣಂಗಿಲ್ಲ, ನೋಡ್ತಾ ನೋಡ್ತಾ ಕಾಣ್ತಾವ. ಅಲ್ಲಿ ಮಾತ್ರ ಏನೋ ತಪ್ಪ್ಯಾದ, ಬೆರಳು ಹುಲ್ಲಿನ ಮ್ಯಾಲ ತೇಲಿದಂಗ ಅವ. ಮತ್ತ ಪ್ರಿಂಟಿಗೆ ಯಾವ ಸೈಜ್ ಕಳಿಸ್ಲಿ? ಇಲ್ಲಿ ಎ3 ಅಂತೀವಿ.

---

ಆಲ್ಬಮ್_ಬಳ್ಳಾರಿ

ಟೀಚರಮ್ಮ ಹೇಳಿದ್ದೇ ಸರಿ, ಚುಕ್ಕಿ ಇರೋದೇ ಚೆನ್ನಾಗೈತೆ, ಒಪ್ಕೊಂಡೆ.

ಬೆರಳು ತೇಲ್ತಿರೋದು ಯಾಕಂದ್ರೆ ಎಲ್ಲಾ ಹುಲ್ಲೂ ಬೆರಳಿನ ಹಿಂದೆ ಐತೆ. ಹುಲ್ಲಿನ ಲೇಯರ್ ಕಾಪಿ ಮಾಡಿ ಬೆರಳಿನ ಮ್ಯಾಲೆ ತಗೊಂಡು, ಮಾಸ್ಕ್ ಪೂರ್ತಿ ಕಪ್ಪು ಮಾಡಿ, ಮೂರು ನಾಕು ಎಳೆ ಮಾತ್ರ ಬಿಳಿ ಬ್ರಷ್‌ನಾಗೆ ಮುಂದೆ ತನ್ರಿ. ಹುಲ್ಲು ಚರ್ಮಕ್ಕೆ ತಾಗೋ ಜಾಗದಾಗೆ ಕೂದಲೆಳೆಯಷ್ಟು ಗಟ್ಟಿ ನೆರಳು, ಅಲ್ಲಿಂದ ದೂರ ಹೋದಂಗೆ ಮೆತ್ತಗೆ. ಉಗುರಿನ ಸಂದಿಗೆ ಆ ಎರೆ ಮಣ್ಣಿನ ಫೋಟೋದಿಂದಲೇ ಸ್ವಲ್ಪ ಹಚ್ರಿ.

ಪ್ರಿಂಟಿಗೆ ಎ3 ಬ್ಯಾಡ, ಅಮೆರಿಕಾದ ಅಂಗಡಿನಾಗೆ ಆ ಅಳತೆ ಕಾಗದ ನಡೆಯಲ್ಲ, ಅಲ್ಲಿ 11 ಇಂಚು 17 ಇಂಚು. 300 ಡಿಪಿಐ, ಅಂದ್ರೆ ಇಂಚಿಗೆ 300 ಚುಕ್ಕಿ, ಇಟ್ರೆ 3300 ಗುಣಿಸು 5100 ಪಿಕ್ಸೆಲ್. ವಾಟ್ಸಾಪ್‌ನಾಗೆ ಫೋಟೋ ಅಂತ ಕಳಿಸಿದ್ರೆ ಒತ್ತಿ ಸಣ್ಣ ಮಾಡ್ತೈತೆ, ಡಾಕ್ಯುಮೆಂಟ್ ಅಂತ ಕಳಿಸ್ರಿ. ಇನ್ನೊಂದು ಮುಖ್ಯ, ಸ್ಕ್ರೀನ್‌ನಾಗೆ ಕಾಣೋ ಕತ್ತಲು ಕಾಗದದ ಮ್ಯಾಲೆ ಇನ್ನೂ ಕತ್ತಲಾಗ್ತೈತೆ, ನಿಮ್ಮ ಸಜ್ಜೆ ತೆನೆ ಎಲ್ಲಾ ಮುಳುಗೋಗ್ತಾವೆ. ಪ್ರಿಂಟ್ ಕಾಪಿಗೆ ಮಾತ್ರ ಕರ್ವ್ಸ್‌ನಾಗೆ ನೆರಳು ಸ್ವಲ್ಪ ಎತ್ತಿ, ಇಲ್ಲೇ ಯಾವ್ದಾದ್ರೂ ಸ್ಟುಡಿಯೋದಾಗೆ ಸಣ್ಣ 4 ಗುಣಿಸು 6 ಪ್ರಿಂಟ್ ತೆಗೆಸಿ ನೋಡಿ ಆಮೇಲೆ ಕಳಿಸ್ರಿ.

---

ಸಜ್ಜಿಹೊಲ_ರಾಯಚೂರು

ಪ್ರಿಂಟ್ ತೆಗೆಸಿದೆ ಸರ್, ನೀವು ಹೇಳಿದ್ದು ಖರೇನೇ, ಕೆಳಗಿನ ಧೋತ್ರ ಪೂರಾ ಕಪ್ಪಾಗಿತ್ತು. ನೆಳ್ಳು ಎತ್ತಿ ಮತ್ತೊಂದು ತೆಗೆಸಿದೆ, ಈಗ ಜೇಬಿನ ತೂತು ಸೈತ ಕಾಣ್ತದ. ಕೆಳಗ "ನಾಳೆ ಬಾ" ಅಂತ ಫಾಂಟ್‌ನಾಗ ಬರಿಲಿಲ್ಲ, ಅವ್ವನ ಕೈಲಿ ಕರೆ ಹಲಗಿ ಮ್ಯಾಲ ಸುಣ್ಣದಾಗ ಬರೆಸಿ ಅದರ ಫೋಟೋನ ಸ್ಕ್ರೀನ್ ಮೋಡ್‌ನಾಗ ಕೂಡಿಸೀನಿ.

ಮುಂಜಾನೆ ಕಳಿಸಿದೆ. ಹುಡುಗ ವಿಡಿಯೋ ಕಾಲ್‌ನಾಗ ಬಾಳೊತ್ತು ಸುಮ್ನ ನೋಡಿದ, ಆಮ್ಯಾಲ "ಮಾಮಾ, ಒಳಗ ಯಾರದಾರ?" ಅಂದ. ನಿಮ್ಮ ಸಣ್ಣಜ್ಜ ಅಂತ ಹೇಳ್ಳಿಲ್ಲ ನಾನು. 31ಕ್ಕ ಅಕ್ಕ ಬಾಗ್ಲದ ಫೋಟೋ ಕಳಿಸ್ತೀನಿ ಅಂದಾಳ, ಬಂದ ಕೂಡ್ಲೇ ಇಲ್ಲಿ ಹಾಕ್ತೀನಿ.